ಕಾರ್ಡ್ ಮುಚ್ಚಿಸಿ ಮೂರು ತಿಂಗಳಾದರೂ ಸಿಬಿಲ್ ವರದಿಯಲ್ಲಿ ಬಾಕಿ ತೋರಿಸುತ್ತಿದೆ, ಸ್ಕೋರ್ ಇಳಿದಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಉಪನ್ಯಾಸಕಿ. ನನ್ನ ಬಳಿ ಎರಡು ಕ್ರೆಡಿಟ್ ಕಾರ್ಡ್‌ಗಳಿದ್ದವು. ಹಳೆಯದರ ಲಿಮಿಟ್ 1,50,000 ರೂಪಾಯಿ, ಇನ್ನೊಂದರದು 60,000. ಹಳೆಯ ಕಾರ್ಡಿಗೆ ವರ್ಷಕ್ಕೆ ಜಿಎಸ್‌ಟಿ ಸೇರಿ 2,950 ರೂಪಾಯಿ ಶುಲ್ಕ ಕಟ್ಟಬೇಕಾಗಿದ್ದರಿಂದ ಅದನ್ನು ಮುಚ್ಚಿಸಲು ನಿರ್ಧರಿಸಿದೆ. ಡಿಸೆಂಬರ್ 12ರ ಸ್ಟೇಟ್‌ಮೆಂಟಿನಲ್ಲಿದ್ದ 18,420 ರೂಪಾಯಿಯನ್ನು 29ರಂದು ಪೂರ್ತಿಯಾಗಿ ಕಟ್ಟಿ, ಜನವರಿ 2ರಂದು ಗ್ರಾಹಕ ಸೇವೆಗೆ ಕರೆ ಮಾಡಿ, ಕೋರಿಕೆ ಸಂಖ್ಯೆ ಪಡೆದು, ಕಾರ್ಡನ್ನು ಕತ್ತರಿಸಿ ಎಸೆದೆ. ಈಗ ಗೃಹಸಾಲಕ್ಕೆಂದು ನನ್ನ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿ ತೆಗೆಸಿದರೆ ಖಾತೆ ಇನ್ನೂ ತೆರೆದೇ ಇದೆ. ಬಾಕಿ 1,057 ರೂಪಾಯಿ, ತಡವಾದ ದಿನಗಳ ಅಂಕಣದಲ್ಲಿ ಫೆಬ್ರವರಿಗೆ 27, ಮಾರ್ಚ್‌ಗೆ 58 ಎಂದಿದೆ. 781 ಇದ್ದ ಸ್ಕೋರ್ 702ಕ್ಕೆ ಬಂದಿದೆ. ಏಳು ದಿನದೊಳಗೆ ಮುಚ್ಚದಿದ್ದರೆ ಬ್ಯಾಂಕ್ ದಿನಕ್ಕೆ 500 ರೂಪಾಯಿ ಕೊಡಬೇಕೆಂದು ಓದಿದ್ದೇನೆ. ಅದನ್ನು ಕೇಳಬಹುದೇ?

ಉತ್ತರ

ಮೇಡಂ, ಒಂದು ವಿಷಯ ಖಚಿತಪಡಿಸಿ. ಡಿಸೆಂಬರಿಗೆ ಮೊದಲಿನ ಯಾವುದಾದರೂ ತಿಂಗಳು ಪೂರ್ತಿ ಮೊತ್ತದ ಬದಲು ಮಿನಿಮಮ್ ಡ್ಯೂ (ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮಾತ್ರ ಕಟ್ಟಿದ್ದಿರಾ?

ಪ್ರಶ್ನೆ ಕೇಳಿದವರು

ಹೌದು ಸರ್. ನವೆಂಬರಿನಲ್ಲಿ ಮಗಳ ಹಾಸ್ಟೆಲ್ ಶುಲ್ಕ ಕಟ್ಟಬೇಕಾಗಿತ್ತು, ಹಾಗಾಗಿ ಆ ತಿಂಗಳು ಮಿನಿಮಮ್ ಮಾತ್ರ ಕಟ್ಟಿದೆ.

ಉತ್ತರ

ಸಮಸ್ಯೆಯ ಮೂಲ ಅಲ್ಲೇ ಇದೆ. ಒಮ್ಮೆ ಬಾಕಿಯನ್ನು ಮುಂದಕ್ಕೆ ಉಳಿಸಿಕೊಂಡರೆ ಬಡ್ಡಿಯಿಲ್ಲದ ಅವಧಿಯ ಸೌಲಭ್ಯ ಕೈತಪ್ಪಿ, ಹಣ ಕಟ್ಟುವ ದಿನದವರೆಗೂ ದಿನದ ಲೆಕ್ಕದಲ್ಲಿ ಬಡ್ಡಿ ಬೀಳುತ್ತದೆ. ಡಿಸೆಂಬರ್ 12ರ ಸ್ಟೇಟ್‌ಮೆಂಟಿನಲ್ಲಿ ಅಂದಿನವರೆಗಿನ ಬಡ್ಡಿ ಮಾತ್ರ ಸೇರಿರುತ್ತದೆ. 12ರಿಂದ 29ರವರೆಗಿನ 17 ದಿನಗಳ ಬಡ್ಡಿ ಜನವರಿಯ ಸ್ಟೇಟ್‌ಮೆಂಟಿಗೆ ಬಂದಿರುತ್ತದೆ. ತಿಂಗಳಿಗೆ ಶೇಕಡಾ 3.5ರ ದರವಿದ್ದರೆ 18,420ಕ್ಕೆ ಸುಮಾರು 360 ರೂಪಾಯಿ, ಜಿಎಸ್‌ಟಿ ಸೇರಿ 425. ಅದನ್ನು ಕಟ್ಟದಿದ್ದುದರಿಂದ ತಡಪಾವತಿ ಶುಲ್ಕ ಸೇರುತ್ತಾ ಸೇರುತ್ತಾ ಸಾವಿರ ದಾಟಿದೆ. ಜನವರಿಯ ಸ್ಟೇಟ್‌ಮೆಂಟನ್ನು ಒಮ್ಮೆ ತೆರೆದು ನೋಡಿ.

ಏಳು ಕೆಲಸದ ದಿನಗಳ ನಿಯಮವೂ ದಿನಕ್ಕೆ 500 ರೂಪಾಯಿಯ ದಂಡವೂ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿ ಇರುವುದು ನಿಜ. ಆದರೆ ಬಾಕಿ ಏನೂ ಇರಬಾರದೆಂಬ ಷರತ್ತು ಅದಕ್ಕಿದೆ. ನಿಮ್ಮ ವಿಷಯದಲ್ಲಿ 425 ರೂಪಾಯಿ ಉಳಿದಿದ್ದರಿಂದ ಆ ದಂಡ ಸಿಗುವುದು ಕಷ್ಟ, ಅದಕ್ಕಾಗಿ ವಾದಿಸುತ್ತಾ ಸಮಯ ಕಳೆಯಬೇಡಿ. ಬದಲಿಗೆ, ಮುಚ್ಚುವಂತೆ ಕೇಳಿದ ಮೇಲೂ ಬಾಕಿಯ ಮೊತ್ತವನ್ನು ಸ್ಪಷ್ಟವಾಗಿ ತಿಳಿಸಲಿಲ್ಲವೆಂದು ಕೋರಿಕೆ ಸಂಖ್ಯೆಯೊಂದಿಗೆ ಲಿಖಿತ ದೂರು ಕೊಟ್ಟು, ತಡಪಾವತಿ ಶುಲ್ಕಗಳನ್ನು ವಾಪಸ್ ಪಡೆಯುವಂತೆ ಕೇಳಿ.

ಇನ್ನೊಂದು ಎಚ್ಚರಿಕೆ. ವಸೂಲಿಯವರು ಕರೆ ಮಾಡಿ, ಅರ್ಧ ಕಟ್ಟಿ ಸೆಟಲ್ ಮಾಡಿಕೊಳ್ಳಿ ಎಂದರೆ ಯಾವ ಕಾರಣಕ್ಕೂ ಒಪ್ಪಬೇಡಿ. ವರದಿಯಲ್ಲಿ ‘ಕ್ಲೋಸ್ಡ್’ ಎಂದು ಬರಬೇಕಾದ ಜಾಗದಲ್ಲಿ ‘ಸೆಟಲ್ಡ್’ ಎಂದು ಬಂದರೆ, ಈ ಗ್ರಾಹಕರು ಪೂರ್ತಿ ಸಾಲ ತೀರಿಸಲಿಲ್ಲವೆಂದೇ ಮುಂದಿನ ಬ್ಯಾಂಕ್ ಓದಿಕೊಳ್ಳುತ್ತದೆ. ಐದುನೂರು ರೂಪಾಯಿ ಉಳಿಸಲು ಹೋಗಿ ಗೃಹಸಾಲಕ್ಕೆ ಕಲ್ಲು ಹಾಕಿಕೊಂಡಂತಾಗುತ್ತದೆ.

ಬೇರೊಬ್ಬ ಸದಸ್ಯರು

ಮೇಲಿನ ವಿವರಣೆ ಸರಿಯಾಗಿದೆ. ಆದರೆ ಬಾಕಿ ತೀರಿದ ಮೇಲೂ ಸ್ಕೋರ್ ಪೂರ್ತಿ ಹಿಂದಿನ ಮಟ್ಟಕ್ಕೆ ಬಾರದಿರಬಹುದು. ಎರಡೂ ಕಾರ್ಡ್ ಇದ್ದಾಗ ಒಟ್ಟು ಲಿಮಿಟ್ 2,10,000. ತಿಂಗಳಿಗೆ 30,000 ಖರ್ಚು ಮಾಡಿದರೂ ಬಳಕೆ, ಅಂದರೆ ಲಿಮಿಟ್‌ನಲ್ಲಿ ಬಳಸಿಕೊಂಡ ಪಾಲು, ಶೇಕಡಾ 14ರಷ್ಟು. ಈಗ ಅದೇ 30,000 ರೂಪಾಯಿ 60,000ದ ಒಂದೇ ಕಾರ್ಡಿನ ಮೇಲೆ ಬಿದ್ದರೆ ಶೇಕಡಾ 50. ನಿಮ್ಮ ಖರ್ಚು ಒಂದು ರೂಪಾಯಿಯೂ ಹೆಚ್ಚಿಲ್ಲ, ಆದರೆ ವರದಿಯಲ್ಲಿ ನೀವು ಸಾಲವನ್ನೇ ಹೆಚ್ಚು ನೆಚ್ಚಿಕೊಂಡವರಂತೆ ಕಾಣಿಸುತ್ತೀರಿ. ಸಾಲ ಮಂಜೂರಾಗುವವರೆಗೆ ದೊಡ್ಡ ಖರ್ಚುಗಳನ್ನು ಡೆಬಿಟ್ ಕಾರ್ಡಿನಲ್ಲಿ ಮಾಡಿ, ಇಲ್ಲವೇ ಸ್ಟೇಟ್‌ಮೆಂಟ್ ತಯಾರಾಗುವ ಮೊದಲೇ ಒಂದಿಷ್ಟು ಹಣ ಕಟ್ಟಿಬಿಡಿ. ಹಳೆಯ ಕಾರ್ಡಿನ ಚರಿತ್ರೆ ಮುಚ್ಚಿದ ತಕ್ಷಣ ಅಳಿಸಿಹೋಗುವುದಿಲ್ಲ, ವರ್ಷಗಳವರೆಗೆ ವರದಿಯಲ್ಲಿ ಉಳಿಯುತ್ತದೆ. ಅದಕ್ಕಾಗಿ ಕಳವಳ ಬೇಡ. ವಾರ್ಷಿಕ ಶುಲ್ಕವೊಂದೇ ಅಡ್ಡಿಯಾಗಿರುವವರು ಮುಚ್ಚಿಸುವ ಮೊದಲು, ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸಿಕೊಡುವಿರಾ ಎಂದು ಬ್ಯಾಂಕನ್ನು ಕೇಳಿ ನೋಡುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಸರ್, ನೀವು ಹೇಳಿದಂತೆಯೇ ಇದೆ. ಜನವರಿ 12ರ ಸ್ಟೇಟ್‌ಮೆಂಟ್ ನಾನು ಈಗ ಬಳಸದ ಹಳೆಯ ಇಮೇಲ್ ವಿಳಾಸಕ್ಕೆ ಹೋಗಿತ್ತು. ಒಂದೇ ಸಾಲು, 425 ರೂಪಾಯಿ 18 ಪೈಸೆ. ‘ಬಾಕಿ ಇರುವುದರಿಂದ ಕೋರಿಕೆಯನ್ನು ತಡೆಹಿಡಿಯಲಾಗಿದೆ’ ಎಂಬ ಪತ್ರವೂ ಅದೇ ಪೆಟ್ಟಿಗೆಯಲ್ಲಿತ್ತು. ದೂರು ಕೊಟ್ಟ ಒಂಬತ್ತನೆಯ ದಿನ ಬ್ಯಾಂಕಿನವರು ಶುಲ್ಕಗಳನ್ನು ವಾಪಸ್ ಪಡೆದರು, ನಾನು 425 ಕಟ್ಟಿದೆ, ಮರುದಿನ ಖಾತೆ ಮುಚ್ಚಿರುವ ಸಂದೇಶ ಬಂತು. ಈಗ ವರದಿ ತಿದ್ದಿಸುವುದು ಹೇಗೆ?

ಉತ್ತರ

ಮೊದಲು ಬೇಬಾಕಿ ಪತ್ರವನ್ನು (ಬಾಕಿ ಏನೂ ಉಳಿದಿಲ್ಲವೆಂಬ ಪತ್ರ) ಲಿಖಿತವಾಗಿ ತೆಗೆದುಕೊಳ್ಳಿ. ಖಾತೆ ಮುಚ್ಚಿದ 30 ದಿನಗಳೊಳಗೆ ಅದನ್ನು ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೆ ತಿಳಿಸುವುದು ಕಾರ್ಡ್ ಕೊಟ್ಟ ಬ್ಯಾಂಕಿನ ಹೊಣೆ. ಅದರ ನಂತರವೂ ಬದಲಾಗದಿದ್ದರೆ ಸಿಬಿಲ್ ಜಾಲತಾಣದಲ್ಲಿ ತಕರಾರು ದಾಖಲಿಸಿ. ಬ್ಯಾಂಕ್ ಒಪ್ಪದೆ ಸಿಬಿಲ್ ತಾನಾಗಿ ಒಂದು ಅಂಕಿಯನ್ನೂ ತಿದ್ದುವುದಿಲ್ಲವಾದ್ದರಿಂದ ಬ್ಯಾಂಕಿಗೂ ಜೊತೆಯಲ್ಲೇ ಬರೆಯಿರಿ. ತಕರಾರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ, ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ನೀಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಿಬಿಲ್‌ನಂತಹವೇ ಆದ ಇನ್ನು ಮೂರು ಸಂಸ್ಥೆಗಳು, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ಕೊಡುವ ವರದಿಗಳನ್ನೂ ತೆಗೆದು ನೋಡಿ. ವರ್ಷಕ್ಕೊಮ್ಮೆ ನಾಲ್ಕೂ ಕಡೆ ಪೂರ್ಣ ವರದಿ ಉಚಿತ.

27, 58 ಎಂಬ ಅಂಕಿಗಳ ಬಗ್ಗೆ ಬೇರೆಯಾಗಿ ಬರೆಯಿರಿ. 425 ರೂಪಾಯಿ ನಿಜವಾಗಿಯೂ ಬಾಕಿಯಿದ್ದುದರಿಂದ ಬ್ಯಾಂಕ್ ಅವನ್ನು ಅಳಿಸಲೇಬೇಕೆಂದಿಲ್ಲ. ಶುಲ್ಕ ವಾಪಸ್ ಪಡೆದ ಪತ್ರವನ್ನು ಜೊತೆಗಿಟ್ಟು ವಿನಂತಿಸಬಹುದಷ್ಟೇ.

ಪ್ರಶ್ನೆ ಕೇಳಿದವರು

ಐದು ವಾರಗಳ ನಂತರದ ಸ್ಥಿತಿ ತಿಳಿಸುತ್ತಿದ್ದೇನೆ. ಖಾತೆ ‘ಕ್ಲೋಸ್ಡ್’, ಬಾಕಿ ಸೊನ್ನೆ. ಮಾರ್ಚ್‌ನ 58 ಹೋಗಿದೆ, ಫೆಬ್ರವರಿಯ 27 ಉಳಿದಿದೆ. ಸ್ಕೋರ್ 744. ಗೃಹಸಾಲದ ಅರ್ಜಿಯ ಜೊತೆ ಬೇಬಾಕಿ ಪತ್ರವನ್ನೂ ಆ 27ಕ್ಕೆ ಒಂದು ಪುಟದ ವಿವರಣೆಯನ್ನೂ ಲಗತ್ತಿಸಿ ಸೋಮವಾರ ಕೊಡುತ್ತಿದ್ದೇನೆ. ಇಮೇಲ್ ವಿಳಾಸವನ್ನು ಎರಡನೆಯ ಕಾರ್ಡಿನಲ್ಲಿಯೂ ಬದಲಾಯಿಸಿದ್ದೇನೆ.