ಗೊಬ್ಬರದ ಗೋಡೌನಿನಲ್ಲಿ ತುಕ್ಕು ಹಿಡಿದ ಆರ್‌ಎಕ್ಸ್ 100: ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ರೆಡಿ ಮಾಡಬಹುದಾ?

ಆಲ್ದೂರು ಹುಡುಗ

ಎಲ್ಲರಿಗೂ ನಮಸ್ಕಾರ. ದೊಡ್ಡಪ್ಪನ ಯಮಹಾ ಆರ್‌ಎಕ್ಸ್ 100 ಬೈಕ್ ಈಗ ನನ್ನ ಪಾಲಿಗೆ ಬಂದಿದೆ. 1991ರ ಗಾಡಿ. ಆಲ್ದೂರಿನ ಹತ್ತಿರ ನಮ್ಮ ತೋಟದ ಗೊಬ್ಬರದ ಗೋಡೌನಿನಲ್ಲಿ ಎಷ್ಟೋ ಮಳೆಗಾಲ ನಿಂತೇ ಕಳೆದಿದೆ. ದೊಡ್ಡಪ್ಪ ಈಗಿಲ್ಲ. ಗುಜರಿಗೆ ಹಾಕಲು ದೊಡ್ಡಮ್ಮನಿಗೂ ಮನಸ್ಸಿಲ್ಲ, ನನಗಂತೂ ಇಲ್ಲವೇ ಇಲ್ಲ.

ಈಗಿನ ಸ್ಥಿತಿ ಹೀಗಿದೆ. ಕಿಕ್ಕರ್ ಸ್ವಲ್ಪವೂ ಅಲುಗುವುದಿಲ್ಲ, ಎಂಜಿನ್ ಜಾಮ್. ಟ್ಯಾಂಕಿನ ಮುಚ್ಚಳ ತೆಗೆದರೆ ಹಳೇ ಪೆಟ್ರೋಲಿನ ಕಮಟು ವಾಸನೆ. ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಕೆಂಪು ಪುಡಿ. ಬಲಗಡೆ ಪರವಾಗಿಲ್ಲ, ಆದರೆ ಗೊಬ್ಬರದ ಮೂಟೆಗಳ ಪಕ್ಕಕ್ಕಿದ್ದ ಎಡಗಡೆ ತೀರಾ ಹಾಳಾಗಿದೆ. ಆ ಕಡೆ ರಿಮ್ಮಿನ ಕ್ರೋಮ್ ಹಪ್ಪಳದ ಹಾಗೆ ಎದ್ದು ಬಂದಿದೆ, ಎಂಜಿನ್ನಿನ ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಕವರಿನ ಮೇಲೆ ಬಿಳಿ ಪುಡಿ ಕಟ್ಟಿದೆ. ವೈರಿಂಗನ್ನು ಇಲಿ ಕಡಿದಿದೆ. ಒಳ್ಳೆಯ ಸುದ್ದಿ ಏನೆಂದರೆ ಒಂದು ಪಾರ್ಟೂ ಕಳೆದಿಲ್ಲ, ಸೈಡ್ ಪ್ಯಾನೆಲ್‌ನಿಂದ ಟೂಲ್ ಬಾಕ್ಸ್‌ವರೆಗೂ ಎಲ್ಲ ಇದೆ.

ನನ್ನ ಹತ್ತಿರ 25 ಸಾವಿರ ರೂಪಾಯಿ ಇದೆ, ಅದೂ ಒಂದೇ ಸಲ ಅಲ್ಲ, ತಿಂಗಳಿಗೆ ಇಷ್ಟಿಷ್ಟು ಅಂತ. ಪೂರ್ತಿ ಕೆಲಸಕ್ಕೆ ಚಿಕ್ಕಮಗಳೂರಿನ ಗ್ಯಾರೇಜಿನಲ್ಲಿ ಹೇಳಿದ ರೇಟು ನನಗೆ ಎಟುಕುವಂಥದ್ದಲ್ಲ. ಒಂದು ಸ್ಪಾನರ್ ಸೆಟ್ ಇದೆ, ಮನೆ ಹಿಂದೆ ಶೆಡ್ ಇದೆ, ಭಾನುವಾರ ಪೂರ್ತಿ ಬಿಡುವು. ಶೋರೂಮ್ ಹೊಳಪು ಬೇಡ, ಗಾಡಿ ಓಡಬೇಕು ಅಷ್ಟೇ. ಎಲ್ಲಿಂದ ಶುರು ಮಾಡಲಿ? ಮೊದಲು ಪೇಂಟ್ ಉಜ್ಜಿ ತೆಗೆಯೋಣ ಅಂದುಕೊಂಡಿದ್ದೇನೆ.

ಹಾಸನದ ಟೂ ಸ್ಟ್ರೋಕ್

ತಮ್ಮಾ, ಉಜ್ಜುವ ಕಾಗದ ಪಕ್ಕಕ್ಕಿಡು. ಮೊದಲ ಕೆಲಸ ನೀರು.

ನೀನು ಬರೆದದ್ದರಲ್ಲೇ ಉತ್ತರ ಇದೆ, ಗೊಬ್ಬರದ ಕಡೆಗಿದ್ದ ಮಗ್ಗುಲು ಮಾತ್ರ ಜಾಸ್ತಿ ತಿಂದಿದೆ ಅಂದೆಯಲ್ಲ. ತೋಟಕ್ಕೆ ಹಾಕುವ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಮಲೆನಾಡಿನ ಮಳೆಗಾಲದ ತೇವ ಸೇರಿದರೆ ಸಮುದ್ರದ ದಂಡೆಯಲ್ಲಿ ನಿಲ್ಲಿಸಿದ ಗಾಡಿಗೂ ಇದಕ್ಕೂ ವ್ಯತ್ಯಾಸ ಇಲ್ಲ. ಆ ಉಪ್ಪು ತುಕ್ಕಿನ ಸಣ್ಣ ಸಣ್ಣ ಗುಂಡಿಗಳ ಒಳಗೆ ಕೂತಿರುತ್ತದೆ. ಅದನ್ನು ತೊಳೆಯದೆ ಮೇಲೆ ಉಜ್ಜಿ ಪ್ರೈಮರ್ ಹೊಡೆದರೆ ಮುಂದಿನ ಮಳೆಗಾಲಕ್ಕೆ ಪೇಂಟಿನ ಕೆಳಗೆ ಗುಳ್ಳೆ ಏಳುತ್ತದೆ, ಹಾಕಿದ ದುಡ್ಡೆಲ್ಲ ನೀರಿಗೆ. ಆದ್ದರಿಂದ ಕಾರ್ಬೊರೇಟರ್ ಬಾಯಿ, ಸೈಲೆನ್ಸರ್ ಬಾಯಿ ಎರಡನ್ನೂ ಪ್ಲಾಸ್ಟಿಕ್ ಕಟ್ಟಿ ಮುಚ್ಚು. ಪ್ಲಗ್ ಬಿಚ್ಚಬೇಡ, ಅಲ್ಲೇ ಇರಲಿ. ಉಗುರುಬೆಚ್ಚಗಿನ ನೀರು, ಶಾಂಪೂ, ಹಲ್ಲುಜ್ಜುವ ಹಳೇ ಬ್ರಷ್ ತೆಗೆದುಕೊಂಡು ಸಂದಿಗೊಂದಿ ಎಲ್ಲ ತೊಳೆ. ಬಿಸಿಲಿಗೆ ಒಣಗಿಸಿ ಮತ್ತೊಮ್ಮೆ ತೊಳೆ. ಯೂರಿಯಾ, ಅಮೋನಿಯಂ ಗೊಬ್ಬರವೂ ಅಲ್ಲೇ ಇದ್ದರೆ ಹಿತ್ತಾಳೆ ತಾಮ್ರಕ್ಕೂ ಪೆಟ್ಟು ಬಿದ್ದಿರುತ್ತದೆ, ವೈರಿನ ತುದಿಗಳು ಹಸಿರಾಗಿವೆಯಾ ನೋಡು. ಹಸಿರಾಗಿದ್ದರೆ ಇಲಿ ಕಡಿದ ಜಾಗಕ್ಕೆ ಟೇಪ್ ಸುತ್ತಿ ಪ್ರಯೋಜನ ಇಲ್ಲ, ಹೊಸ ವೈರಿಂಗ್ ಕಿಟ್ಟೇ ಹಾಕು.

ಆಮೇಲೆ ಎಂಜಿನ್. ಕಿಕ್ಕರ್ ಮೇಲೆ ಹತ್ತಿ ನಿಲ್ಲಬೇಡ, ಗಾಡಿಯನ್ನು ಗೇರಿಗೆ ಹಾಕಿ ಹಿಂದೆ ಮುಂದೆ ತಳ್ಳಬೇಡ. ಹೆಡ್ಡಿನ ನಾಲ್ಕು ನಟ್ಟು ಬಿಚ್ಚಿದರೆ ಪಿಸ್ಟನ್ ಕಣ್ಣಿಗೆ ಕಾಣುತ್ತದೆ, ಟೂ ಸ್ಟ್ರೋಕಿನ ಸುಖ ಅದು, ಹೆಡ್ಡಿನಲ್ಲಿ ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಆಟೋಮ್ಯಾಟಿಕ್ ಗೇರಿನ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಬೆರೆಸಿ ಪಿಸ್ಟನ್ ಮೇಲೆ ಸುರಿ. ಅಸಿಟೋನ್ ಬೇಗ ಹತ್ತಿಕೊಳ್ಳುತ್ತದೆ, ಹತ್ತಿರ ಬೀಡಿ ಬೆಂಕಿ ಇರಬಾರದು. ಕೆಲವು ದಿನ ಬಿಟ್ಟು ಮರದ ತುಂಡು ಇಟ್ಟು ಮೆಲ್ಲಗೆ ತಟ್ಟು. ಮ್ಯಾಗ್ನೆಟ್ ನಟ್ಟಿಗೆ ಸ್ಪಾನರ್ ಹಾಕಿ ಆ ಕಡೆ ಈ ಕಡೆ ಕೂದಲೆಳೆಯಷ್ಟು ಅಲುಗಾಡಿಸುತ್ತಾ ಹೋಗು.

ಇನ್ನೊಂದು ಮಾತು. ಜಪಾನ್ ಗಾಡಿಗಳ ಪ್ಲಸ್ ಸ್ಕ್ರೂ ನಮ್ಮ ಮಾಮೂಲಿ ಪ್ಲಸ್ ಸ್ಕ್ರೂ ಅಲ್ಲ, ಅದಕ್ಕೆ ಜಿಸ್ ಅಂತ ಅವರದೇ ಅಳತೆ ಇದೆ. ನೋಡಲು ಎರಡೂ ಒಂದೇ ಥರ. ಆದರೆ ಮಾಮೂಲಿ ಸ್ಕ್ರೂಡ್ರೈವರಿನ ತುದಿ ಅದರ ತಳಕ್ಕೆ ಕೂರುವುದಿಲ್ಲ, ಬಲ ಹಾಕಿದ ಕೂಡಲೇ ಜಾರಿ ತಲೆ ಸವೆಯುತ್ತದೆ. ಎಷ್ಟೋ ಹಳೇ ಆರ್‌ಎಕ್ಸ್‌ಗಳ ಎಂಜಿನ್ ಕವರಿನ ಸ್ಕ್ರೂ ತಲೆ ಗುಂಡಗಾಗಿರುವುದು ಇದೇ ಕಾರಣಕ್ಕೆ. ಜಿಸ್ ಬಿಟ್ ಒಂದು ತರಿಸು, ಜೊತೆಗೆ ಸುತ್ತಿಗೆಯಿಂದ ಹೊಡೆದರೆ ತಿರುಗುವ ಕೈ ಇಂಪ್ಯಾಕ್ಟ್ ಡ್ರೈವರ್. ನಿನ್ನ ಮೊದಲ ಖರ್ಚು ಇದೇ ಆಗಲಿ.

ಕಡೂರು ರೈಡರ್

ನಾನು ಬೇರೆ ಹೇಳುತ್ತೇನೆ. ಮಾಡುವುದಾದರೆ ಪೂರ್ತಿ ಮಾಡಿ ಗುರು. ಗಾಡಿ ಪೂರ್ತಿ ಬಿಚ್ಚಿ ಫ್ರೇಮ್ ಪೌಡರ್ ಕೋಟಿಂಗಿಗೆ ಬೆಂಗಳೂರಿಗೆ ಕಳಿಸಿ, ರಿಮ್ ಕ್ರೋಮಿಗೆ ಹಾಕಿ. 1985ರಲ್ಲಿ ಬಂದು 1996ರಲ್ಲಿ ನಿಂತ ಗಾಡಿ ಇದು, ಇನ್ನು ಮುಂದೆ ಹುಟ್ಟಲ್ಲ. ಅರೆಬರೆ ಮಾಡಿದರೆ ಬೆಲೆ ಬರಲ್ಲ.

ಹಾಸನದ ಟೂ ಸ್ಟ್ರೋಕ್

ಅವನು ಮಾರಲು ಕೇಳಿಲ್ಲ, ಓಡಿಸಲು ಕೇಳಿದ್ದಾನೆ. 25 ಸಾವಿರದಲ್ಲಿ ಪೌಡರ್ ಕೋಟಿಂಗ್, ಕ್ರೋಮ್ ಎರಡಕ್ಕೂ ಕೈ ಹಾಕಿದರೆ ಎಂಜಿನ್ ಒಳಗೆ ತಿರುಗುವ ಕ್ರ್ಯಾಂಕಿಗೆ ಏನು ಉಳಿಯುತ್ತದೆ? ಕಣ್ಣಿಗೆ ಕಾಣದ್ದಕ್ಕೆ ಮೊದಲು ದುಡ್ಡು ಹಾಕಬೇಕು: ಕ್ರ್ಯಾಂಕ್ ಬೇರಿಂಗ್, ಆಯಿಲ್ ಸೀಲ್, ಬ್ರೇಕ್, ಟೈರ್, ವೈರಿಂಗ್. ಪೂರ್ತಿ ಬಿಚ್ಚುವುದರಲ್ಲಿ ಇನ್ನೊಂದು ತೊಂದರೆ ಇದೆ. ದುಡ್ಡು ತಿಂಗಳು ತಿಂಗಳು ಬರುವವನು ಎಲ್ಲ ಬಿಚ್ಚಿಟ್ಟರೆ ಜೋಡಿಸುವ ಹೊತ್ತಿಗೆ ಯಾವ ಬೋಲ್ಟ್ ಎಲ್ಲಿಯದು ಅಂತಲೇ ತಿಳಿಯುವುದಿಲ್ಲ. ಮೂಟೆಯಲ್ಲಿ ಕಟ್ಟಿದ ಪಾರ್ಟ್ಸ್ ಸಮೇತ ಗುಜರಿಗೆ ಹೋದ ಒಳ್ಳೊಳ್ಳೆ ಗಾಡಿಗಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಒಂದು ಭಾಗ ಬಿಚ್ಚು, ಸರಿ ಮಾಡು, ಜೋಡಿಸು, ಆಮೇಲೆ ಮುಂದಿನದು.

ಕಾಫಿಕಣ

ಟ್ಯಾಂಕಿನ ವಿಷಯ ನಾನು ಹೇಳುತ್ತೇನೆ, ನಮ್ಮ ಮನೆಯ ಹಳೇ ಸುಜುಕಿಯ ಟ್ಯಾಂಕನ್ನು ನಾನೇ ಕೂತು ಕ್ಲೀನ್ ಮಾಡಿದ್ದು. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಯಾರು ಹೇಳಿದರೂ ಹಾಕಬೇಡಿ. ಅದು ತುಕ್ಕಿನ ಜೊತೆ ಒಳ್ಳೇ ತಗಡನ್ನೂ ತಿನ್ನುತ್ತದೆ, ಅದರ ಹೊಗೆಗೆ ಶೆಡ್ಡಿನಲ್ಲಿರುವ ಸ್ಪಾನರುಗಳೂ ತುಕ್ಕು ಹಿಡಿಯುತ್ತವೆ.

ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು, ಲೀಟರ್ ನೀರಿಗೆ ಸುಮಾರು 100 ಗ್ರಾಂ. ಆರ್‌ಎಕ್ಸ್ ಟ್ಯಾಂಕಿಗೆ ಹೆಚ್ಚೂ ಕಡಿಮೆ ಒಂದು ಕೆಜಿ ಬೇಕಾಗುತ್ತದೆ. ಮೊದಲು ಹಳೇ ಪೆಟ್ರೋಲ್ ಪೂರ್ತಿ ತೆಗೆದು ಸೋಪು ನೀರಿನಲ್ಲಿ ತೊಳೆಯಿರಿ, ಒಳಗೆ ಜಿಡ್ಡು ಇದ್ದರೆ ನಿಂಬೆ ಉಪ್ಪು ಕೆಲಸ ಮಾಡಲ್ಲ. ಪೆಟ್ರೋಲ್ ಕಾಕ್ ಬಿಚ್ಚಿ ಆ ತೂತಿಗೆ ರಬ್ಬರ್ ಬಿರಡೆ ಹಾಕಿ. ದ್ರಾವಣವನ್ನು ಬಾಯಿಮಟ್ಟ ತುಂಬಿಸಿ, ಮೇಲೆ ಮುಚ್ಚಳ ಬಿಗಿಯಬೇಡಿ, ಗ್ಯಾಸ್ ಬರುತ್ತದೆ. ಹೊರಗಿನ ಹಳೇ ಪೇಂಟ್ ಉಳಿಸಿಕೊಳ್ಳುವ ಆಸೆ ಇದ್ದರೆ ಚೆಲ್ಲಿದ್ದನ್ನು ಆಗಲೇ ಒರೆಸಿ. ಒಂದು ರಾತ್ರಿ ಬಿಟ್ಟು ನೋಡಿ, ಒಂದು ದಿನಕ್ಕಿಂತ ಜಾಸ್ತಿ ಬೇಡ. ನೀರು ಹಸಿರು ಹಳದಿಗೆ ತಿರುಗಿ ಒಳಗೆ ಬೂದು ಬಣ್ಣದ ಬರೀ ತಗಡು ಕಾಣುತ್ತದೆ.

ಅಲ್ಲಿಂದ ಮುಂದೆ ಕೈ ಚುರುಕಾಗಿರಬೇಕು. ಖಾಲಿ ಮಾಡಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ಒಮ್ಮೆ, ಬರೀ ನೀರಿನಲ್ಲಿ ಒಮ್ಮೆ ಅಲುಗಾಡಿಸಿ, ತಕ್ಷಣ ಬಿಸಿಲಿನಲ್ಲಿ ಒಣಗಿಸಬೇಕು. ಬರೀ ತಗಡು ಗಾಳಿಗೆ ನಿಂತರೆ ಕಣ್ಣೆದುರೇ ಕೆಂಪಗಾಗುತ್ತದೆ. ಒಣಗಿದ ಕೂಡಲೇ 2ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಜಾಸ್ತಿ ಹಾಕಿದ ಸ್ವಲ್ಪ ಪೆಟ್ರೋಲ್ ಸುರಿದು ಎಲ್ಲ ಮೂಲೆಗೂ ಹೋಗುವ ಹಾಗೆ ತಿರುಗಿಸಿ. ಈ ಕೆಲಸಕ್ಕೆ ಬಿಸಿಲಿರುವ ದಿನವೇ ಬೇಕು, ಜುಲೈ ಆಗಸ್ಟಿನಲ್ಲಿ ನಮ್ಮ ಕಡೆ ಆಗದ ಮಾತು. ಹಾಗಂತ ಡಿಸೆಂಬರ್ ತನಕ ಕಾದರೆ ಕಣದ ತುಂಬ ಕಾಫಿ ಹರಡಿರುತ್ತದೆ, ಗಾಡಿಯ ಪಾರ್ಟ್ಸ್ ಹರಡಲು ಮನೆಯವರು ಬಿಡಲ್ಲ.

ಟ್ಯಾಂಕ್ ಎಲ್ಲಾದರೂ ತೂತು ಬಿದ್ದಿದ್ದರೆ ನೀವೇ ಬೆಂಕಿ ತೋರಿಸಲು ಹೋಗಬೇಡಿ. ತೊಳೆದ ಟ್ಯಾಂಕಿನಲ್ಲೂ ಪೆಟ್ರೋಲಿನ ಆವಿ ಉಳಿದಿರುತ್ತದೆ, ಸಿಡಿಯುತ್ತದೆ. ಟ್ಯಾಂಕಿನ ಕೆಲಸ ಗೊತ್ತಿರುವವರಿಗೇ ಕೊಡಿ.

ಸಕಲೇಶಪುರ ಘಾಟ್

ಇಷ್ಟೆಲ್ಲ ಹೇಳಿದಿರಿ, ಆರ್‌ಸಿ ಬಗ್ಗೆ ಯಾರೂ ಕೇಳಲಿಲ್ಲವಲ್ಲ! ಒಂದು ರೂಪಾಯಿ ಖರ್ಚು ಮಾಡುವ ಮೊದಲು ಕಾಗದ ನೋಡಿ.

1991ರ ಗಾಡಿಯ ನೋಂದಣಿ 15 ವರ್ಷಕ್ಕೆ, ಅಂದರೆ 2006ಕ್ಕೆ ಮುಗಿದಿರುತ್ತದೆ. ಆಮೇಲೆ ಐದೈದು ವರ್ಷಕ್ಕೆ ರಿನೀವಲ್ ಆಗಿದೆಯಾ? ಆಗಿಲ್ಲದಿದ್ದರೆ ಶುಲ್ಕದ ಮೇಲೆ ತಡವಾದ ತಿಂಗಳುಗಳ ಲೆಕ್ಕದಲ್ಲಿ ಹೆಚ್ಚುವರಿ ಬೀಳುತ್ತದೆ, ಗ್ರೀನ್ ಟ್ಯಾಕ್ಸ್ ಬೇರೆ. ಒಟ್ಟು ಎಷ್ಟಾಗುತ್ತದೆ ಅಂತ ಚಿಕ್ಕಮಗಳೂರು ಆರ್‌ಟಿಒದಲ್ಲಿ ಮೊದಲೇ ಕೇಳಿಕೊಂಡು ಬನ್ನಿ, ನಿಮ್ಮ ಬಜೆಟ್ಟಿನ ದೊಡ್ಡ ಪಾಲು ಅಲ್ಲೇ ಹೋಗಬಹುದು. ಹಳೇ ಗಾಡಿಗಳ ವಿವರ ಎಷ್ಟೋ ಸಲ ಸರ್ಕಾರದ ವಾಹನ್ ವೆಬ್‌ಸೈಟಿನಲ್ಲಿ ಇರುವುದೇ ಇಲ್ಲ, ಆಫೀಸಿನ ಹಳೇ ರಿಜಿಸ್ಟರ್ ನೋಡಿ ಸೇರಿಸಬೇಕು. ಮಾಲೀಕರು ತೀರಿಕೊಂಡಿದ್ದರೆ ಹೆಸರು ಬದಲಾವಣೆಗೆ ಫಾರಂ 31. ಮರಣ ಪ್ರಮಾಣಪತ್ರ ಬೇಕು, ವಾರಸುದಾರರ ಕಾಗದ ಬೇಕು, ದೊಡ್ಡಮ್ಮನ ಮತ್ತು ಅವರ ಮಕ್ಕಳ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ, 2021ರ ನಿಯಮದ ಪ್ರಕಾರ ಅದಕ್ಕೆ ಗಾಡಿಗೆ 50 ವರ್ಷ ದಾಟಿರಬೇಕು.

ಮುಖ್ಯವಾದದ್ದು: ಹ್ಯಾಂಡಲ್ ಕೂರುವ ಕತ್ತಿನ ಹತ್ತಿರ ಫ್ರೇಮ್ ಮೇಲೆ ಚಾಸಿ ನಂಬರ್ ಹೊಡೆದಿರುತ್ತದೆ. ಅಲ್ಲಿ ವೈರ್ ಬ್ರಷ್, ಗ್ರೈಂಡರ್ ಹಿಡಿಯಲೇಬೇಡಿ. ಇನ್‌ಸ್ಪೆಕ್ಟರ್ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ, ಅಕ್ಷರ ಅಳಿಸಿದ್ದರೆ ಎಷ್ಟು ಚೆಂದ ಓಡುವ ಗಾಡಿಯಾದರೂ ಪಾಸಾಗುವುದಿಲ್ಲ. ಡೀಸೆಲ್ ಅದ್ದಿದ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಸಾಕು.

ಆಲ್ದೂರು ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೂ ಸ್ಟ್ರೋಕ್ ಅಣ್ಣ, ನೀವು ಹೇಳಿದ ಹಾಗೆ ಎರಡು ಸಲ ತೊಳೆದೆ. ಮೊದಲ ಸಲದ ನೀರು ಒಣಗಿದ ಮೇಲೆ ಸ್ವಿಂಗ್ ಆರ್ಮ್ ಮೇಲೆ ಬಿಳಿ ಗೆರೆ ನಿಂತಿತ್ತು, ಎರಡನೇ ಸಲ ಬರಲಿಲ್ಲ. ಕಾಫಿಕಣ ಅಕ್ಕ, ಟ್ಯಾಂಕ್ ಕ್ಲೀನ್ ಆಗಿದೆ, ತೂತಿಲ್ಲ. ದೊಡ್ಡಪ್ಪ 2016ರವರೆಗೆ ರಿನೀವಲ್ ಮಾಡಿಸಿದ್ದರು, ಕಾಗದ ಬೀರುವಿನಲ್ಲಿ ಸಿಕ್ಕಿತು. ಆರ್‌ಟಿಒಗೆ ಈ ವಾರ ಹೋಗುತ್ತೇನೆ.

ಪಿಸ್ಟನ್ ಬಿಟ್ಟುಕೊಂಡಿತು! ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್) ಎತ್ತಿ ನೋಡಿದರೆ ಗೋಡೆಯಲ್ಲಿ ಉಗುರಿಗೆ ಸಿಗುವಂಥ ಒಂದು ಗೆರೆ, ಅದರ ಸುತ್ತ ಕಪ್ಪು ಕಲೆ. ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆದರೆ ಟಕ್ ಟಕ್ ಅನ್ನುತ್ತದೆ. ಹೊಸ ಪಿಸ್ಟನ್ ರಿಂಗ್ ಹಾಕಿದರೆ ಸಾಕಾ?

ಹಾಸನದ ಟೂ ಸ್ಟ್ರೋಕ್

ಸಾಲದು. ಉಗುರಿಗೆ ಸಿಕ್ಕಿದರೆ ರೀಬೋರ್, ಅಂದರೆ ಸಿಲಿಂಡರಿನ ಒಳಗೋಡೆ ಸ್ವಲ್ಪ ಕೊರೆಸಿ ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕಬೇಕು. ಈ ಎಂಜಿನ್ನಿನ ಮೂಲ ಬೋರ್ 50 ಮಿಮೀ. ಮೊದಲು ಅಳತೆ ಮಾಡಿಸು, ಹಿಂದೆ ಒಮ್ಮೆ ರೀಬೋರ್ ಆಗಿದ್ದರೂ ಆಗಿರಬಹುದು. 0.25 ಮಿಮೀ ದೊಡ್ಡದು ಮಾಡಿದರೆ ಗೆರೆ ಹೋಗುತ್ತದೆ ಅಂದರೆ ಅಷ್ಟಕ್ಕೇ ನಿಲ್ಲಿಸು, ಮುಂದಿನ ಸಲಕ್ಕೆ ಲೋಹ ಉಳಿಯಬೇಕು. ಪಿಸ್ಟನ್ ಮೊದಲು ಕೊಂಡು, ಅದನ್ನೇ ಲೇತಿನವನ ಕೈಗೆ ಕೊಟ್ಟು, ಅದಕ್ಕೆ ತಕ್ಕ ಹಾಗೆ ಬೋರ್ ಮಾಡಿಸು.

ರಾಡ್ ಮೇಲೆ ಕೆಳಗೆ ಆಡಿದರೆ ಬಿಗ್ ಎಂಡ್ (ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯ ಬೇರಿಂಗ್) ಹೋಗಿದೆ. ಅಕ್ಕಪಕ್ಕ ಸ್ವಲ್ಪ ಆಡುವುದು ಸಹಜ, ಮೇಲೆ ಕೆಳಗೆ ಆಡಲೇಬಾರದು. ಕ್ರ್ಯಾಂಕ್ ಹೊರಗೆ ತೆಗೆದು ರಾಡ್ ಕಿಟ್ ಹಾಕಿಸು, ಅದೇ ಕೈಯಲ್ಲಿ ಎರಡು ಬದಿಯ ಬೇರಿಂಗು, ಆಯಿಲ್ ಸೀಲು ಹೊಸದು. ಇಷ್ಟು ವರ್ಷ ನಿಂತ ಗಾಡಿಯ ಸೀಲ್ ಕಲ್ಲಾಗಿರುತ್ತದೆ. ಮ್ಯಾಗ್ನೆಟ್ ಕಡೆಯ ಸೀಲ್ ಬಿಟ್ಟರೆ ಗಾಳಿ ಎಳೆದು ಎಂಜಿನ್ ಸುಮ್ನೆ ರೇಸ್ ಆಗುತ್ತದೆ, ಬಿಸಿಯಾಗಿ ಹೊಸ ಪಿಸ್ಟನ್ ಮತ್ತೆ ಹಿಡಿಯುತ್ತದೆ. ಕ್ಲಚ್ ಕಡೆಯದು ಬಿಟ್ಟರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ. ಕ್ರ್ಯಾಂಕ್ ಒತ್ತುವುದು, ನೇರ ಮಾಡುವುದು ಮನೆ ಕೆಲಸ ಅಲ್ಲ, ಹಾಸನಕ್ಕೆ ತಾ, ಒಳ್ಳೇ ಲೇತಿನವರನ್ನು ತೋರಿಸುತ್ತೇನೆ.

ಕಾರ್ಬೊರೇಟರ್ ಬಿಸಾಡಬೇಡ. ಅದರ ಮೇಲೆ ಮಿಕುನಿ ಅಂತ ಅಚ್ಚಿದ್ದರೆ ಈಗ ಮಾರುವ ಡ್ಯೂಪ್ಲಿಕೇಟಿಗಿಂತ ಹಳೆಯದೇ ಮೇಲು. ಜೆಟ್ಟಿನ ತೂತಿಗೆ ಉಕ್ಕಿನ ತಂತಿ ತೂರಿಸಬೇಡ, ತೂತು ದೊಡ್ಡದಾಗುತ್ತದೆ. ವೈರಿನೊಳಗಿನ ತಾಮ್ರದ ಒಂದು ಎಳೆ ಸಾಕು. ಕಾರ್ಬೊರೇಟರನ್ನು ನಿಂಬೆ ಉಪ್ಪಿನ ನೀರಿಗೂ ಹಾಕಬೇಡ, ಕಬ್ಬಿಣಕ್ಕೆ ಸರಿ, ಕಾರ್ಬೊರೇಟರಿನ ಲೋಹಕ್ಕೆ ಅಲ್ಲ. ಪ್ಲಗ್ಗಿಗೆ ಕಿಡಿ ಕೊಡಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಗ್ಯಾಪ್ 0.3ರಿಂದ 0.4 ಮಿಮೀ ಒಳಗೆ ಇಡು. ಬ್ರೇಕ್ ಡ್ರಮ್ ಬಿಚ್ಚಿದಾಗ ಕಂಪ್ರೆಸರ್ ಗಾಳಿ ಹೊಡೆಯಬೇಡ, ಹಳೇ ಲೈನರ್ ಪುಡಿಯಲ್ಲಿ ಕಲ್ನಾರು ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸು.

ಆಲ್ದೂರು ಹುಡುಗ

ಶನಿವಾರ ಕ್ರ್ಯಾಂಕ್ ಹಿಡಿದುಕೊಂಡು ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ ಅಣ್ಣ. ರಿಮ್ ಏನು ಮಾಡಲಿ? ಕ್ರೋಮ್ ಎದ್ದಿರುವುದು ಹಿಂದಿನದು ಮಾತ್ರ.

ಹಾಸನದ ಟೂ ಸ್ಟ್ರೋಕ್

ಬೋರನ್ನೂ ಜೊತೆಗೆ ತಾ. ಮುಂದಿನ ರಿಮ್ಮಿಗೆ ಅಲ್ಯೂಮಿನಿಯಂ ಫಾಯಿಲ್ ನೀರಲ್ಲಿ ಅದ್ದಿ ಉಜ್ಜು, ಮೇಲ್ಮೇಲಿನ ತುಕ್ಕು ಹೋಗುತ್ತದೆ. ಹಿಂದಿನದರ ಟೈರ್ ಬಿಚ್ಚಿ ಒಳಭಾಗ ನೋಡು, ಕಡ್ಡಿ (ಸ್ಪೋಕ್) ಕೂರುವ ತೂತಿನ ಸುತ್ತ ಸ್ಕ್ರೂಡ್ರೈವರಿನಿಂದ ಚುಚ್ಚು. ಗಟ್ಟಿ ಇದ್ದರೆ ತುಕ್ಕು ಕೆರೆದು ಪೇಂಟ್ ಹೊಡೆದು ಹಾಕಿಕೊ. ಪದರ ಪದರ ಉದುರಿದರೆ ಬೇರೆ ರಿಮ್ಮೇ ಬೇಕು, ಅದರಲ್ಲಿ ದುಡ್ಡು ಉಳಿಸಲು ಹೋಗಬೇಡ.