ಶೇಂಗಾ ಹೊಲಕ್ಕೆ ಇಳಿಯುವ ಕೃಷ್ಣಮೃಗಗಳು: ಪರಿಹಾರವೇನು?

ಪ್ರಶ್ನೆ (ರೈತರು, ಚಳ್ಳಕೆರೆ ತಾಲ್ಲೂಕು): ನಮಸ್ಕಾರ ಸರ್. ನಮ್ಮದು ಕಾವಲಿನ (ಸರ್ಕಾರಿ ಹುಲ್ಲುಗಾವಲಿನ) ಅಂಚಿನಲ್ಲಿರುವ ಮಳೆಯಾಶ್ರಿತ ಹೊಲ. ಶೇಂಗಾ ಮೊಳೆತು ಎಲೆ ಬಿಡುವ ಹೊತ್ತಿಗೆ ಜಿಂಕೆಗಳ ಹಿಂಡು ಬಂದು ಸಾಲು ಹಿಡಿದು ಮೇಯ್ದುಬಿಡುತ್ತದೆ. ಮತ್ತೆ ಬಿತ್ತೋಣವೆಂದರೆ ಭೂಮಿಯಲ್ಲಿ ಹದ ಉಳಿದಿರುವುದಿಲ್ಲ. ಬ್ರಿಟನ್ನಿನಲ್ಲಿ ಜಿಂಕೆಗಳನ್ನು ಗುಂಡಿಟ್ಟು ಕಡಿಮೆ ಮಾಡುತ್ತಾರೆಂದು ಓದಿದ್ದೇನೆ. ಇಲ್ಲಿ ಹಾಗೆ ಮಾಡಲಾಗದಿದ್ದರೆ, ಹಿಡಿದು ಬೇರೆ ಕಾಡಿಗಾದರೂ ಬಿಡಬಹುದಲ್ಲವೇ?

ಉತ್ತರ (ವನ್ಯಜೀವಿ ತಜ್ಞರು): ನಿಮ್ಮ ನಷ್ಟವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಬ್ರಿಟನ್ನಿನ ಸ್ಥಿತಿಯೇ ಬೇರೆ. ಅಲ್ಲಿ ತೋಳಗಳು ಅಳಿದು ಶತಮಾನಗಳೇ ಕಳೆದಿವೆ. ಬೇಟೆಯಾಡುವ ಪ್ರಾಣಿಯಿಲ್ಲದೆ ಜಿಂಕೆಗಳು ಹೆಚ್ಚಿ, ಎಳೆಯ ಸಸಿಗಳನ್ನು ಮೇಯ್ದು ಕಾಡು ಮರುಹುಟ್ಟು ಪಡೆಯದಂತೆ ಮಾಡುವುದರಿಂದ ಅವುಗಳನ್ನು ಕೊಲ್ಲುತ್ತಾರೆ. ನಮ್ಮಲ್ಲಿ ಕುಗ್ಗುತ್ತಿರುವುದು ಜಿಂಕೆ ಮೇಯುವ ಹುಲ್ಲುಗಾವಲು. ಅಮೃತ್ ಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟಿದ್ದ ಕಾವಲಿನ ಸಾವಿರಾರು ಎಕರೆ ರಕ್ಷಣಾ, ಬಾಹ್ಯಾಕಾಶ ಮತ್ತು ಅಣುವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಗಿದೆ. ಉಳಿದ ಕಡೆ ಬಳ್ಳಾರಿ ಜಾಲಿ ಹಬ್ಬುತ್ತಿದೆ. ಹುಲ್ಲು ಸಿಗದ ಹಿಂಡಿಗೆ ನಿಮ್ಮ ಎಳೆಯ ಬೆಳೆಯೇ ಹತ್ತಿರದ ಮೇವು.

ಬೇರೆ ಕಾಡಿಗೆ ಬಿಡುವುದೂ ಸುಲಭವಲ್ಲ. ಕೃಷ್ಣಮೃಗಕ್ಕೆ ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. 2011ರಲ್ಲಿ ವನ್ಯಧಾಮವಾದ ಜಗಳೂರಿನ ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಗೆ (ನಾಲ್ಕು ಕೊಂಬಿನ ಪುಟ್ಟ ಜಿಂಕೆಗೆ) ಒಗ್ಗುತ್ತದೆಯೇ ಹೊರತು ಇದಕ್ಕಲ್ಲ. ಇದಲ್ಲದೆ, ಬೆನ್ನಟ್ಟಿ ಹಿಡಿದ ಜಿಂಕೆಗಳು ಗಾಬರಿ ಮತ್ತು ಆಯಾಸದಿಂದಲೇ ಸಾಯುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ ಜೈಲುಶಿಕ್ಷೆಯಿದೆ.

ನನ್ನ ದೃಷ್ಟಿಯಲ್ಲಿ ಮೊದಲ ಕೆಲಸ ಜಾಲಿಯನ್ನು ತೆಗೆಯುವುದು. ಕಡಿದರೆ ಸಾಲದು, ಬುಡದಿಂದ ಮತ್ತೆ ಚಿಗುರುತ್ತದೆ. ಬೇರುಸಹಿತ ಕೀಳಬೇಕು, ಅದೂ ಕಾಯಿ ಮಾಗುವ ಮೊದಲು, ಏಕೆಂದರೆ ಆ ಸಿಹಿಕಾಯಿಯನ್ನು ತಿಂದು ಬೀಜವನ್ನು ಹಿಕ್ಕೆಯಲ್ಲಿ ಹರಡುವವುಗಳಲ್ಲಿ ಜಿಂಕೆಗಳೂ ಸೇರಿವೆ. ಕಾವಲು ಸರ್ಕಾರಿ ಭೂಮಿಯಾದ್ದರಿಂದ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ಅನುಮತಿ ಕೇಳಿರಿ. ಹುಲ್ಲು ಮರಳಿದರೆ ಊರಿನ ಕುರಿ, ದನಗಳಿಗೂ ಮೇವಾಗುತ್ತದೆ. ಕುರಿಗಾಹಿಗಳನ್ನು ಬಿಟ್ಟು ಈ ಕೆಲಸಕ್ಕೆ ಕೈಹಾಕಬೇಡಿ. ಬಿತ್ತಿದ ಮೊದಲ ವಾರಗಳಲ್ಲಿ ಅಕ್ಕಪಕ್ಕದವರು ಸೇರಿ ಸರದಿಯ ಮೇಲೆ ಕಾಯುವುದು ಒಬ್ಬರೇ ಬೇಲಿ ಹಾಕುವುದಕ್ಕಿಂತ ಮೇಲು. ಒಂದು ಹೊಲಕ್ಕೆ ಬೇಲಿ ಬಿದ್ದರೆ ಹಿಂಡು ಪಕ್ಕದ ಹೊಲಕ್ಕೆ ಹೋಗುತ್ತದೆ. ವಿದ್ಯುತ್ ಕಂಬದಿಂದ ನೇರವಾಗಿ ತಂತಿಗೆ ಕರೆಂಟು ಕೊಡುವುದಂತೂ ಬೇಡವೇ ಬೇಡ, ಅದರಿಂದ ಮನುಷ್ಯರೂ ಸಾಯುತ್ತಾರೆ. ಹಾನಿಯಾದ ಕೂಡಲೇ ದಿನಾಂಕ ಕಾಣುವಂತೆ ಫೋಟೊ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ಪರಿಹಾರದ ಅರ್ಜಿ ಕೊಡಿ.

ಮರುಪ್ರಶ್ನೆ (ಹಿರಿಯೂರಿನ ಮಹಿಳೆಯೊಬ್ಬರು): ಹೊಲದ ಬದುವಿನಲ್ಲಿ ಒಂಟಿ ಮರಿ ಮಲಗಿರುವುದನ್ನು ಕಂಡರೆ ಏನು ಮಾಡಬೇಕು ಸರ್?

ಉತ್ತರ: ಮುಟ್ಟಬೇಡಿ ತಾಯಿ. ತಾಯಿಜಿಂಕೆ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿಟ್ಟು ದೂರದಲ್ಲಿ ಮೇಯುತ್ತಿರುತ್ತದೆ, ಹಾಲೂಡಿಸಲು ಮರಳಿ ಬರುತ್ತದೆ. ನಾಯಿಗಳು ಹತ್ತಿರ ಬರದಂತೆ ದೂರದಿಂದ ನೋಡಿಕೊಳ್ಳಿ. ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಗೆ ತಿಳಿಸಿ.