ಆಲ್ಟರ್ನೇಟರ್ ಬ್ರಾಕೆಟ್ ಅಲ್ಲಾಡುತ್ತಿದೆ, ಎರಡು ಬೋಲ್ಟ್ ಕಾಣೆ: ಅನುಭವ ಇದ್ದವರು ಹೇಳಿ

ಪ್ರಶ್ನೆ

ನನ್ನದು ಹಳೆಯ ಪೆಟ್ರೋಲ್ ಕಾರು. ಕೆಲವು ದಿನಗಳಿಂದ ಎಂಜಿನ್ ಐಡಲ್‌ನಲ್ಲಿದ್ದಾಗ ಮುಂದುಗಡೆ ಕಟಕಟ ಶಬ್ದ ಬರುತ್ತಿದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ನಿಲ್ಲುತ್ತದೆ. ಬಾನೆಟ್ ಎತ್ತಿ ನೋಡಿದೆ. ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಕೂತಿರುವ ಬ್ರಾಕೆಟ್ಟನ್ನು ಹಿಡಿದು ಅಲುಗಿಸಿದರೆ ಅಲ್ಲಾಡುತ್ತದೆ. ಎಂಜಿನ್‌ಗೆ ಸೇರುವ ಕಡೆ ನಾಲ್ಕು ತೂತು ಇವೆ, ಬೋಲ್ಟ್ ಇರುವುದು ಎರಡರಲ್ಲಿ ಮಾತ್ರ. ಅದರಲ್ಲೂ ಒಂದು ಕೈಯಲ್ಲೇ ತಿರುಗುತ್ತದೆ. ಮನೆಯಲ್ಲಿ ಒಂದು ಡಬ್ಬದ ತುಂಬ ಹಳೆಯ ಬೋಲ್ಟ್ ಇವೆ. ಹೊಂದುವುದನ್ನು ನೋಡಿ ಹಾಕಿ ಬಿಗಿ ಮಾಡಿದರೆ ಸಾಕಾ? ಸಾಕೆಟ್ ಸೆಟ್ ಇದೆ, ಸಣ್ಣಪುಟ್ಟ ಕೆಲಸ ಮಾಡಿ ಅಭ್ಯಾಸ ಇದೆ.

ಉತ್ತರ 1

ಡಬ್ಬಕ್ಕೆ ಕೈ ಹಾಕುವ ಮೊದಲು ತೂತಿಗೆ ಟಾರ್ಚ್ ಹಿಡಿಯಿರಿ. ನನಗೂ ಇದೇ ಆಗಿತ್ತು, ಇದೇ ಬ್ರಾಕೆಟ್. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಬೋಲ್ಟ್ ಯಾಕೆ ಇಲ್ಲ ಅನ್ನುವುದು ಮೊದಲು ಗೊತ್ತಾಗಬೇಕು. ಹಿಂದೆ ಬಿಚ್ಚಿದವರು ತಿರುಗಿ ಹಾಕದೆ ಬಿಟ್ಟಿರಬಹುದು. ಅದುರಿ ಅದುರಿ ತಾನೇ ಸಡಿಲವಾಗಿ ಬಿದ್ದಿರಬಹುದು. ಅಥವಾ ತಲೆ ಮುರಿದು ಬಿದ್ದು, ಮಿಕ್ಕ ತುಂಡು ಒಳಗೇ ಕೂತಿರಬಹುದು. ತೂತಿನ ಗೋಡೆಯಲ್ಲಿ ಸುರುಳಿ ಸುರುಳಿಯಾಗಿ ಥ್ರೆಡ್ ಕಂಡು ಒಳಗೆ ಖಾಲಿ ಇದ್ದರೆ ಒಳ್ಳೆಯದು. ಸ್ವಲ್ಪ ಒಳಗೇ ಒರಟಾದ ಲೋಹದ ಮುಖ ಕಂಡರೆ ಅದು ಮುರಿದ ಬೋಲ್ಟ್. ಅದರ ಮೇಲೆ ಹೊಸ ಬೋಲ್ಟ್ ಹಾಕಿದರೆ ಎರಡು ಸುತ್ತು ಹೋಗಿ ನಿಲ್ಲುತ್ತದೆ, ನಾವು ಬಿಗಿಯಾಯಿತು ಅಂದುಕೊಳ್ಳುತ್ತೇವೆ. ನೇರವಾಗಿ ಕಾಣದಿದ್ದರೆ ಸಣ್ಣ ಕನ್ನಡಿ ಹಿಡಿದು ನೋಡಿ, ಇಲ್ಲವೇ ಫೋನಿನಲ್ಲಿ ಫ್ಲ್ಯಾಶ್ ಹಾಕಿ ಫೋಟೋ ತೆಗೆಯಿರಿ.

ಬ್ರಾಕೆಟ್ ಎಂಜಿನ್‌ಗೆ ಕೂರುವ ಅಂಚನ್ನೂ ನೋಡಿ. ನನ್ನದರಲ್ಲಿ ಅಲ್ಲಿ ಕಾಡಿಗೆಯಂಥ ಕಪ್ಪು ಪುಡಿ ಇತ್ತು. ಒರೆಸಿದರೆ ಕೆಳಗೆ ಲೋಹ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಲ್ಯುಮಿನಿಯಂ ಉಜ್ಜಿ ಉಜ್ಜಿ ಬಂದ ಪುಡಿ ಅದು. ಕಬ್ಬಿಣ ಉಜ್ಜಿದ್ದರೆ ಕೆಂಪಗೆ, ತುಕ್ಕಿನ ಬಣ್ಣದಲ್ಲಿರುತ್ತದೆ. ಇಂಥ ಪುಡಿ ಇದೆ ಎಂದರೆ ಬ್ರಾಕೆಟ್ ಬಹಳ ದಿನದಿಂದ ಆಡುತ್ತಿದೆ ಎಂದೇ ಅರ್ಥ. ಆಗ ತೂತು ಮೊಟ್ಟೆಯಾಕಾರ ಆಗಿದೆಯಾ, ಉಳಿದ ಬೋಲ್ಟ್‌ಗಳ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯಾ ಎಂದು ಚೆನ್ನಾಗಿ ಒರೆಸಿ ನೋಡಲೇಬೇಕು. ಬಿರುಕು ಕಂಡರೆ ಬೋಲ್ಟ್ ಹಾಕಿ ಪ್ರಯೋಜನ ಇಲ್ಲ, ಬ್ರಾಕೆಟ್ಟನ್ನೇ ಬದಲಿಸಿ.

ಅಲ್ಲಿಯವರೆಗೆ ಗಾಡಿ ಓಡಿಸಬೇಡಿ ಅನ್ನುತ್ತೇನೆ. ಆಲ್ಟರ್ನೇಟರ್ ಒಂದು ಕಡೆ ವಾಲಿದರೆ ಬೆಲ್ಟ್ ಓರೆಯಾಗಿ ಓಡಿ ಪುಲ್ಲಿಯಿಂದ ಹಾರುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ ಅದೇ ಬೆಲ್ಟ್ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಹೋದರೆ ಚಾರ್ಜಿಂಗ್ ಮಾತ್ರ ಅಲ್ಲ, ಎಂಜಿನ್ ಕೂಡ ವಿಪರೀತ ಬಿಸಿಯಾಗುತ್ತದೆ.

ಈಗ ಅಳತೆ. ಡಬ್ಬದಲ್ಲಿ ಹೊಂದುವುದನ್ನು ಹುಡುಕುವುದು ಬೇಡ ಎಂದು ನಾನು ಹೇಳುವುದು ಇಲ್ಲೇ. ಉಳಿದಿರುವ ಬೋಲ್ಟ್ ಒಂದನ್ನು ಬಿಚ್ಚಿ ವರ್ನಿಯರ್‌ನಲ್ಲಿ ಅಳೆಯಿರಿ. ಥ್ರೆಡ್ ಮೇಲಿನ ದಪ್ಪ 7.8 ಅಥವಾ 7.9 ಮಿಲಿಮೀಟರ್ ಬಂದರೆ ಅದು ಎಂ8, ಅಂದರೆ 8 ಮಿಲಿಮೀಟರ್ ದಪ್ಪದ ಬೋಲ್ಟ್. ತಲೆಯ ಅಳತೆ ನಂಬಬೇಡಿ. ಎಂ8ಕ್ಕೆ ಸಾಮಾನ್ಯವಾಗಿ 13ರ ಸ್ಪ್ಯಾನರ್, ಆದರೆ ಜಪಾನಿ ಕಾರುಗಳಲ್ಲಿ 12. ಎಂ10ಕ್ಕೆ 17, 16, 14 ಮೂರೂ ಸಿಗುತ್ತವೆ. ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಪಕ್ಕದ ಥ್ರೆಡ್‌ಗೆ ಇರುವ ದೂರ, ಇನ್ನೂ ಮುಖ್ಯ. ಎಂ8ರಲ್ಲಿ ಹೆಚ್ಚಾಗಿ ಬರುವುದು 1.25. ಎಂ10ರಲ್ಲಿ 1.5 ಕೂಡ ಇದೆ, 1.25 ಕೂಡ ಇದೆ, ಕಣ್ಣಿಗೆ ಎರಡೂ ಒಂದೇ. ಒಂದರ ತೂತಿಗೆ ಇನ್ನೊಂದನ್ನು ಬಲವಂತ ಮಾಡಿದರೆ ಅಲ್ಯುಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಪಿಚ್ ಗೇಜ್ ಇಲ್ಲದಿದ್ದರೆ ಬಿಚ್ಚಿದ ಬೋಲ್ಟಿಗೂ ಹೊಸ ಬೋಲ್ಟಿಗೂ ಥ್ರೆಡ್‌ಗೆ ಥ್ರೆಡ್ ಒತ್ತಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ತೂರಬಾರದು.

ಉದ್ದದಲ್ಲಿ ನಾನು ತಪ್ಪು ಮಾಡಿದ್ದೆ. ಉದ್ದ ಜಾಸ್ತಿ ಇದ್ದರೆ ಹಿಡಿತ ಜಾಸ್ತಿ ಎಂದುಕೊಂಡು 35 ಮಿಲಿಮೀಟರ್ ಉದ್ದದ ಬೋಲ್ಟ್ ಹಾಕಿದೆ. ರಾಚೆಟ್ ಗಟ್ಟಿಯಾಗಿ ನಿಂತಿತು. ಆದರೆ ಶಬ್ದ ಹೋಗಲಿಲ್ಲ. ನೋಡಿದರೆ ಬೋಲ್ಟಿನ ತಲೆಗೂ ಬ್ರಾಕೆಟ್ಟಿಗೂ ನಡುವೆ ಉಗುರು ತೂರುವಷ್ಟು ಸಂದಿ. ಬೋಲ್ಟಿನ ತುದಿ ತೂತಿನೊಳಗೆ ಮುಂದೆ ಹೋಗಲಾಗದೆ ನಿಂತಿತ್ತು. ಇನ್ನೂ ಒತ್ತಿದ್ದರೆ ಎಂಜಿನ್ ಬ್ಲಾಕೇ ಬಿರುಕು ಬಿಡುತ್ತಿತ್ತು. ಆಮೇಲೆ ಬ್ರಾಕೆಟ್ ಅದರ ಜಾಗದಲ್ಲಿಟ್ಟು, ತೂತಿಗೆ ತೆಳ್ಳನೆಯ ಕಡ್ಡಿ ಇಳಿಸಿ, ಬ್ರಾಕೆಟ್ಟಿನ ಮಟ್ಟಕ್ಕೆ ಗುರುತು ಹಾಕಿ ಅಳೆದೆ. 32 ಮಿಲಿಮೀಟರ್. ಹಾಗಾದರೆ 30ರದ್ದು ಸರಿ ಅನ್ನಿಸುತ್ತದೆ ಅಲ್ವಾ? ಅದೂ ಅಲ್ಲ. ಥ್ರೆಡ್ ತಳದವರೆಗೆ ಇರುವುದಿಲ್ಲ, ಕೊನೆಯ ಕೆಲವು ಮಿಲಿಮೀಟರ್ ಬರೀ ಡ್ರಿಲ್ ಮಾಡಿದ ತೂತು. ಬ್ರಾಕೆಟ್ 10 ಮಿಲಿಮೀಟರ್ ದಪ್ಪ. 25ರ ಬೋಲ್ಟ್ ಹಾಕಿದರೆ 15 ಮಿಲಿಮೀಟರ್ ಒಳಗೆ ಹಿಡಿಯುತ್ತದೆ. ಅಲ್ಯುಮಿನಿಯಂನಲ್ಲಿ ಬೋಲ್ಟಿನ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಹಿಡಿದರೆ ಸಾಕು, ಎಂ8ಕ್ಕೆ 12ರಿಂದ 16. ಹಾಗಾಗಿ 25 ಸರಿಯಾಯಿತು. ನಿಮ್ಮ ನಾಲ್ಕು ತೂತನ್ನೂ ಬೇರೆ ಬೇರೆಯಾಗಿ ಅಳೆಯಿರಿ, ಒಂದೇ ಬ್ರಾಕೆಟ್ಟಿನಲ್ಲಿ ಎರಡು ಉದ್ದದ ಬೋಲ್ಟ್ ಇರುವುದು ಸಾಮಾನ್ಯ. ಚಾಸಿ ನಂಬರ್ ಕೊಟ್ಟು ಕಂಪನಿಯ ಬಿಡಿಭಾಗದ ಚಿತ್ರ ತೆಗೆಸಿದರೆ ಅದರಲ್ಲೇ ಯಾವ ತೂತಿಗೆ ಯಾವುದು ಎಂದು ಇರುತ್ತದೆ. ಸಿಕ್ಕರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ತಲೆಯ ಮೇಲಿನ ಅಂಕಿಯನ್ನೂ ನೋಡಿ. 8.8 ಅಂದರೆ ಎಳೆದಾಗ ಸುಮಾರು 800 ಮೆಗಾಪ್ಯಾಸ್ಕಲ್ ತಡೆಯುತ್ತದೆ, ಅದರ ಶೇಕಡ 80ರವರೆಗೆ ಎಳೆದರೂ ಮತ್ತೆ ಮೊದಲಿನ ಉದ್ದಕ್ಕೆ ಬರುತ್ತದೆ. ಹಳೆಯದರಲ್ಲಿ 10.9 ಇದ್ದರೆ ಹೊಸದೂ 10.9 ಇರಲಿ. ಅಂಕಿಯೇ ಇಲ್ಲದ ಬೋಲ್ಟ್ ಎಂಜಿನ್ ಹತ್ತಿರ ಬೇಡ. ಹೊಳೆಯುವ ಸ್ಟೇನ್‌ಲೆಸ್ ಕೂಡ ಬೇಡ. ಅಲ್ಯುಮಿನಿಯಂ ಜೊತೆ ನೀರು ತಾಗಿದರೆ ಅಲ್ಯುಮಿನಿಯಂ ಕೊರೆಯುತ್ತಾ ಹೋಗುತ್ತದೆ, ಮುಂದೆ ಬಿಚ್ಚುವಾಗ ಬೋಲ್ಟ್ ಕಚ್ಚಿಕೊಂಡಿರುತ್ತದೆ.

ಕೆಲಸಕ್ಕೆ ಇಳಿದಾಗ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಆಲ್ಟರ್ನೇಟರ್ ಹಿಂದಿನ ದಪ್ಪ ವೈರಿನಲ್ಲಿ ಕೀ ತೆಗೆದಿದ್ದರೂ ಕರೆಂಟ್ ಇರುತ್ತದೆ. ಸ್ಪ್ಯಾನರ್ ತಾಗಿತೋ, ಕಿಡಿ ಹಾರಿ ಕೈ ಸುಡುತ್ತದೆ. ಎಂಜಿನ್ ತಣ್ಣಗಿರಲಿ. ಬೆಲ್ಟಿನ ಎಳೆತ ಸಡಿಲ ಮಾಡಿ. ಇಲ್ಲದಿದ್ದರೆ ಬೆಲ್ಟ್ ಬ್ರಾಕೆಟ್ಟನ್ನು ಒಂದು ಕಡೆ ಎಳೆದಿರುತ್ತದೆ, ತೂತಿಗೆ ತೂತು ಕೂಡುವುದಿಲ್ಲ. ಬೋಲ್ಟ್ ಹಾಕಿ ಎಳೆದು ಕೂಡಿಸೋಣ ಅಂದುಕೊಂಡರೆ ಥ್ರೆಡ್ ಹಾಳು.

ನಾಲ್ಕೂ ಬೋಲ್ಟನ್ನು ಬರೀ ಬೆರಳಿನಿಂದ ಶುರು ಮಾಡಿ. ಸಾಕೆಟ್ ಬೆರಳಲ್ಲಿ ಹಿಡಿದು ತಿರುಗಿಸಿದರೂ ಸರಿ, ರಾಚೆಟ್ ಮಾತ್ರ ಬೇಡ. ಕನಿಷ್ಠ ಐದು ಸುತ್ತು ಸಲೀಸಾಗಿ ಹೋಗಬೇಕು. ಒಂದು ಸಣ್ಣ ಉಪಾಯ: ಬೋಲ್ಟ್ ಒತ್ತಿ ಮೊದಲು ಹಿಂದಕ್ಕೆ ತಿರುಗಿಸಿ. ಥ್ರೆಡ್‌ನ ತುದಿ ಸಿಕ್ಕಾಗ ಟಕ್ ಎಂದು ಒಂಚೂರು ಇಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಆಗ ಮುಂದಕ್ಕೆ ತಿರುಗಿಸಿ. ನಾಲ್ಕೂ ಕೂತ ಮೇಲೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಕೊನೆಗೆ ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ಬಿಗಿ ಮಾಡಬೇಕೋ ಅಷ್ಟಕ್ಕೆ ಹೊಂದಿಸುವ ಸ್ಪ್ಯಾನರ್). ಮ್ಯಾನುಯಲ್‌ನಲ್ಲಿ ಕೊಟ್ಟ ಅಂಕಿಯೇ ಅಂತಿಮ. ಅಂದಾಜಿಗೆ ಹೇಳುವುದಾದರೆ 8.8ರ ಎಂ6ಕ್ಕೆ ಸುಮಾರು 10, ಎಂ8ಕ್ಕೆ ಸುಮಾರು 25 ನ್ಯೂಟನ್ ಮೀಟರ್. ಎಂ6ಕ್ಕೆ ಉದ್ದ ಹಿಡಿಯ ರಾಚೆಟ್ ಹಾಕಿದರೆ ಮುರಿಯುವುದು ಗೊತ್ತೇ ಆಗುವುದಿಲ್ಲ.

ಉಳಿದಿರುವ ಆ ಎರಡು ಹಳೆಯ ಬೋಲ್ಟನ್ನೂ ಬದಲಿಸಿ. ನಾಲ್ವರ ಭಾರ ಇಷ್ಟು ದಿನ ಅವೆರಡೇ ಹೊತ್ತಿವೆ.

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಒಪ್ಪುತ್ತೇನೆ. ಸ್ಪ್ರಿಂಗ್ ವಾಷರ್ (ಬೋಲ್ಟಿನ ತಲೆಯ ಕೆಳಗೆ ಹಾಕುವ ಸೀಳಿದ ಉಕ್ಕಿನ ಬಳೆ) ಬಗ್ಗೆ ಮಾತ್ರ ಒಂದು ಮಾತು ಸೇರಿಸುತ್ತೇನೆ, ಯಾಕೆಂದರೆ ಸಡಿಲ ಆಯಿತು ಅಂದ ಕೂಡಲೇ ಎಲ್ಲರೂ ಅದನ್ನೇ ಹಾಕು ಅನ್ನುತ್ತಾರೆ. ಬೋಲ್ಟ್ ಅಡ್ಡಕ್ಕೆ ಅದುರಿದಾಗ ಹೇಗೆ ತಾನೇ ಬಿಚ್ಚಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲೇ ಯಂತ್ರದ ಮೇಲಿಟ್ಟು ತೋರಿಸಿದರು. ಆ ಪರೀಕ್ಷೆ ಇವತ್ತಿಗೂ ಅವರ ಹೆಸರಲ್ಲೇ ನಡೆಯುತ್ತದೆ. ಅದರಲ್ಲಿ ಸಾಮಾನ್ಯ ಸ್ಪ್ರಿಂಗ್ ವಾಷರ್ ಹೆಚ್ಚೇನೂ ತಡೆಯುವುದಿಲ್ಲ. ತಡೆಯುವುದು ಸರಿಯಾದ ಬಿಗಿ. ಎರಡು ಭಾಗ ಒಂದಕ್ಕೊಂದು ಜಾರದಷ್ಟು ಒತ್ತಿ ಹಿಡಿದಿದ್ದರೆ ಬೋಲ್ಟ್ ತಿರುಗುವುದಿಲ್ಲ. ಅದರ ಮೇಲೆ ಭದ್ರತೆಗೆ ಥ್ರೆಡ್ ಲಾಕರ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ, ನೀಲಿ ಬಣ್ಣದ್ದು. ಕೆಂಪು ಬೇಡ, ಅದನ್ನು ಬಿಚ್ಚಲು 250 ಡಿಗ್ರಿಯಷ್ಟು ಕಾಯಿಸಬೇಕಾಗುತ್ತದೆ.

ಉತ್ತರ 3

ನನ್ನದು ಬ್ಯಾಟರಿ ಟ್ರೇ ಹತ್ತಿರದ ತಗಡಿನ ಬ್ರಾಕೆಟ್. ಅಲ್ಲಿ ತೂತಿನ ಹಿಂದೆ ನಟ್ ವೆಲ್ಡ್ ಮಾಡಿರುತ್ತಾರೆ. ಆ ನಟ್ ಕಿತ್ತು ಬಂದು ಬೋಲ್ಟ್ ಸುಮ್ನೆ ಸುತ್ತುತ್ತಿತ್ತು. ರಿವೆಟ್ ನಟ್ (ತಗಡಿನ ತೂತಿಗೆ ರಿವೆಟ್‌ನ ಹಾಗೆ ಒತ್ತಿ ಕೂರಿಸುವ ನಟ್) ಹಾಕಿಸಿದೆ, ಸರಿಹೋಯಿತು. ತಗಡಿಗೆ ಅದು ಸಾಕು, ಆಲ್ಟರ್ನೇಟರ್‌ನಂಥ ಭಾರಕ್ಕೆ ಅಲ್ಲ. ಇನ್ನೊಂದು: ಬ್ರಾಕೆಟ್ಟಿನಲ್ಲಿ ರಬ್ಬರ್ ಬುಷ್ ಇದ್ದರೆ ಅದರೊಳಗೆ ಕಬ್ಬಿಣದ ಸಣ್ಣ ಕೊಳವೆ ಇರಬೇಕು. ಬೋಲ್ಟ್ ಕಳೆದಾಗ ಅದೂ ಬಿದ್ದುಹೋಗಿರುತ್ತದೆ. ಅದಿಲ್ಲದೆ ಬಿಗಿ ಮಾಡಿದರೆ ರಬ್ಬರ್ ಚಪ್ಪಟೆಯಾಗಿ ಮತ್ತೆ ಸಡಿಲ ಆಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಟಾರ್ಚ್ ಹಿಡಿದು ನೋಡಿದೆ. ಬಿರುಕು ಇಲ್ಲ. ಎಂ8, ಪಿಚ್ 1.25. ಒಂದು ತೂತು ಖಾಲಿ, ಥ್ರೆಡ್ ಚೆನ್ನಾಗಿದೆ. ಇನ್ನೊಂದರಲ್ಲಿ ಮುರಿದ ತುಂಡು ಇದೆ, ಮುಖದಿಂದ ಮೂರು ಮಿಲಿಮೀಟರ್ ಒಳಗೆ. ಮೂರು ಬೋಲ್ಟ್ ಹಾಕಿ ಇದನ್ನು ಹಾಗೇ ಬಿಡಬಹುದಾ?

ಉತ್ತರ 4

ಬಿಡಬೇಡಿ. ಒಂದು ಬೋಲ್ಟ್ ಮುರಿದದ್ದು ಭಾರ ತಾಳದೆ. ಮೂರರಲ್ಲಿ ಬಿಟ್ಟರೆ ಮುಂದಿನದು ಅದರ ಪಕ್ಕದ್ದು.

ಭಯ ಪಡುವ ಅಗತ್ಯ ಇಲ್ಲ. ತಲೆ ಮುರಿದ ಮೇಲೆ ಬೋಲ್ಟಿನ ಮೇಲೆ ಎಳೆತ ಇರುವುದಿಲ್ಲ. ತುಕ್ಕು ಹಿಡಿದಿರದಿದ್ದರೆ ಎಷ್ಟೋ ಸಲ ಸುಲಭವಾಗಿ ಬರುತ್ತದೆ. ನಾನು ಮಾಡಿದ್ದು ಹೀಗೆ. ಪೆನಿಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಗ್ಗೆ ಮೊನಚು ಉಳಿಯನ್ನು ತುಂಡಿನ ಅಂಚಿಗಿಟ್ಟು, ಬಿಚ್ಚುವ ದಿಕ್ಕಿಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಕಾಲು ಸುತ್ತು ತಿರುಗಿತು, ಆಮೇಲೆ ತಾನೇ ಹೊರಗೆ ಬಂತು.

ಹಾಗೆ ಬರದಿದ್ದರೆ ಸರಿಯಾಗಿ ನಡುವೆ ಪಂಚ್ ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ ಬಿಟ್‌ನಿಂದ ಕೊರೆಯಿರಿ. ಕೊರೆಯುವಾಗಲೇ ಎಷ್ಟೋ ಸಲ ಬಿಟ್ ಕಚ್ಚಿ ತುಂಡನ್ನು ಹೊರಗೆ ತರುತ್ತದೆ. ನಡು ತಪ್ಪಿದರೆ ಮಾತ್ರ ಬಿಟ್ ಮೆತ್ತಗಿರುವ ಅಲ್ಯುಮಿನಿಯಂ ಕಡೆಗೆ ಜಾರುತ್ತದೆ. ಸಣ್ಣ ಎಕ್ಸ್‌ಟ್ರಾಕ್ಟರ್ (ಕೊರೆದ ತೂತಿಗೆ ಕಚ್ಚಿಸಿ ತುಂಡನ್ನು ತಿರುಗಿಸಿ ತೆಗೆಯುವ ಸಾಧನ) ಹಾಕಿ ಜೋರಾಗಿ ತಿರುಗಿಸಬೇಡಿ. ಅದು ಒಳಗೆ ಮುರಿದರೆ ಗಟ್ಟಿ ಉಕ್ಕು, ಸಾಮಾನ್ಯ ಡ್ರಿಲ್ ಅದನ್ನು ಕೊರೆಯುವುದಿಲ್ಲ. ಅಷ್ಟು ದೂರ ಹೋಯಿತು ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ವೆಲ್ಡಿಂಗ್ ಗೊತ್ತಿರುವವರು ತುಂಡಿನ ಮೇಲೆ ಒಂದು ನಟ್ ವೆಲ್ಡ್ ಮಾಡಿ ತೆಗೆಯುತ್ತಾರೆ. ಆ ಶಾಖಕ್ಕೆ ಹಿಡಿದ ತುಕ್ಕೂ ಬಿಡುತ್ತದೆ. ವೆಲ್ಡ್ ಮಾಡಿಸುವ ಮೊದಲು ಬ್ಯಾಟರಿಯ ಎರಡೂ ಕಡೆ ಬಿಚ್ಚಿಸಿ.

ಥ್ರೆಡ್ ಹಾಳಾದರೂ ದಾರಿ ಇದೆ. ಹೆಲಿಕಾಯಿಲ್ ಹಾಕಬಹುದು. ತೂತನ್ನು ಸ್ವಲ್ಪ ದೊಡ್ಡದು ಮಾಡಿ, ಅದರದೇ ಟ್ಯಾಪ್‌ನಿಂದ (ಥ್ರೆಡ್ ಕೊರೆಯುವ ಸಾಧನ) ಥ್ರೆಡ್ ಕೊರೆದು, ಉಕ್ಕಿನ ತಂತಿಯ ಸುರುಳಿ ಇಳಿಸುವುದು. ಎಂ8 ಬೋಲ್ಟ್ ಎಂ8 ಆಗಿಯೇ ಉಳಿಯುತ್ತದೆ. ಸರಿಯಾಗಿ ಹಾಕಿದರೆ ಅಲ್ಯುಮಿನಿಯಂನ ಮೂಲ ಥ್ರೆಡ್‌ಗಿಂತ ಗಟ್ಟಿ.

ಪ್ರಶ್ನೆ ಕೇಳಿದವರು

ತುಂಡು ಹೊರಗೆ ಬಂತು! ಉಳಿ ಇಟ್ಟು ತಟ್ಟಿದ್ದಕ್ಕೇ ಬಂತು, ಆದರೆ ಎಣ್ಣೆ ಎರಡು ರಾತ್ರಿ ಬಿಡಬೇಕಾಯಿತು. ನಾಲ್ಕೂ ಹೊಸ ಬೋಲ್ಟ್, ನೀಲಿ ಲಾಕರ್, ಮ್ಯಾನುಯಲ್ ಹೇಳಿದ ಟಾರ್ಕ್. ಶಬ್ದ ಪೂರ್ತಿ ಹೋಯಿತು. ಪ್ರತಿ ಬೋಲ್ಟಿನ ತಲೆಯಿಂದ ಬ್ರಾಕೆಟ್ಟಿನವರೆಗೆ ಬಿಳಿ ಪೇಂಟಿನ ಗೆರೆ ಎಳೆದಿದ್ದೆ. ಒಂದು ವಾರ ಓಡಿಸಿ ಇವತ್ತು ನೋಡಿದೆ. ಮೂರರ ಗೆರೆ ನೇರವಾಗಿದೆ. ಮುರಿದ ತುಂಡು ತೆಗೆದ ತೂತಿನದು ಮಾತ್ರ ಕೂದಲೆಳೆಯಷ್ಟು ಸರಿದಿದೆ. ಇನ್ನೊಮ್ಮೆ ಬಿಗಿ ಮಾಡಲಾ?

ಉತ್ತರ 1 ಬರೆದವರು

ಬರೀ ಬಿಗಿ ಮಾಡಬೇಡಿ, ಪೂರ್ತಿ ಬಿಚ್ಚಿ ನೋಡಿ. ಲಾಕರ್ ಇನ್ನೂ ಹಸಿಯಾಗಿ ಜಿಡ್ಡಿನ ಹಾಗೆ ಇರುತ್ತದೆ ಅನ್ನಿಸುತ್ತದೆ. ಎರಡು ರಾತ್ರಿ ಎಣ್ಣೆ ನಿಂತಿದ್ದ ತೂತು ಅದು. ಎಣ್ಣೆ ಇದ್ದರೆ ಲಾಕರ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ತಳದಲ್ಲಿ ಎಣ್ಣೆ ತುಂಬಿದ್ದರೆ ಬೋಲ್ಟ್ ಅದನ್ನೇ ಒತ್ತಿ ನಿಲ್ಲುತ್ತದೆ, ರೆಂಚ್ ಕ್ಲಿಕ್ ಅಂದರೂ ಬ್ರಾಕೆಟ್ ಅಷ್ಟು ಬಿಗಿಯಾಗಿರುವುದಿಲ್ಲ. ಕನ್ನಡಕ ಹಾಕಿಕೊಂಡು ಬ್ರೇಕ್ ಕ್ಲೀನರ್ ಸ್ಪ್ರೇ ಮಾಡಿ. ಕಡ್ಡಿಗೆ ಬಟ್ಟೆ ಸುತ್ತಿ ಒಳಗೆ ಒರೆಸಿ. ಬಟ್ಟೆ ಒಣಗಿ ಬರುವವರೆಗೆ ಮತ್ತೆ ಮಾಡಿ. ಬೋಲ್ಟನ್ನೂ ತೊಳೆದು ಒಣಗಿಸಿ ಹೊಸದಾಗಿ ಒಂದು ಹನಿ ಹಾಕಿ, ಅದೇ ಟಾರ್ಕಿಗೆ ಬಿಗಿ ಮಾಡಿ, ಒಂದು ದಿನ ಗಾಡಿ ತೆಗೆಯದೆ ಬಿಡಿ. ಹಳೆಯ ಗೆರೆ ಒರೆಸಿ ಹೊಸ ಗೆರೆ ಎಳೆಯಿರಿ. ಮುಂದಿನ ವಾರ ಗೆರೆ ಹೇಗಿದೆ ಎಂದು ಇಲ್ಲೇ ಬರೆಯಿರಿ.